ಚೀಟಿ ಕೊಟ್ಟಿರಿ, ತಾರೀಕು ಕೊಡಲಿಲ್ಲ

ಆರೋಗ್ಯ ಇಲಾಖೆಯ ಆಯುಕ್ತರಿಗೂ ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಬಯಲುಸೀಮೆಯ ಒಂದು ಹಳ್ಳಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಹತ್ತೊಂಬತ್ತು ವರ್ಷ ಆಯಿತು. ಹಲ್ಲಿನ ವಿದ್ಯೆ ನನಗೆ ಗೊತ್ತಿಲ್ಲ. ಆದರೆ ಮಗ್ಗಿ ಹೇಳಿಸುವಾಗ, ಪದ್ಯ ಹಾಡಿಸುವಾಗ ದಿನಾ ಅರವತ್ತು ಎಪ್ಪತ್ತು ಬಾಯಿ ನನ್ನೆದುರು ಅಗಲವಾಗಿ ತೆರೆಯುತ್ತವೆ. ಯಾರ ದವಡೆಯಲ್ಲಿ ಕಪ್ಪು ಗುಳಿ ಬಿದ್ದಿದೆ, ಯಾರು ಒಂದೇ ಕಡೆಯಿಂದ ಅಗಿಯುತ್ತಾರೆ, ಬಿಸಿಯೂಟದ ಹೊತ್ತಿಗೆ ಯಾರು ಬರೀ ಸಾರು ಕುಡಿದು ಏಳುತ್ತಾರೆ ಅನ್ನೋದೆಲ್ಲ ಟಾರ್ಚ್ ಇಲ್ಲದೆಯೂ ಕಾಣುತ್ತದೆ.

ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಮಗು ಶಾಲೆಯಲ್ಲಿ ಇರುವವರೆಗೆ ಒಂದು ಇಲಾಖೆಯದು, ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಇನ್ನೊಂದು ಇಲಾಖೆಯದು. ಮಧ್ಯೆ ಹದಿನಾಲ್ಕು ಕಿಲೋಮೀಟರ್ ರಸ್ತೆ ಇದೆಯಲ್ಲ, ಆ ರಸ್ತೆಯಲ್ಲಿ ಅದು ಯಾರದೂ ಅಲ್ಲ.

ಹೋದ ವರ್ಷ ಜುಲೈನಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಮ್ಮ ಶಾಲೆಗೆ ಬಂತು. ನಾವೆಲ್ಲ ಆರ್‌ಬಿಎಸ್‌ಕೆ ಅಂತಲೇ ಕರೆಯೋದು. 2013ರಲ್ಲಿ ಶುರುವಾದ ಈ ಕಾರ್ಯಕ್ರಮದ ಬಗ್ಗೆ ನನಗೆ ಗೌರವ ಇದೆ. ಹುಟ್ಟಿದ ಕೂಸಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರು, ಒಬ್ಬ ನರ್ಸಮ್ಮ, ಒಬ್ಬ ಫಾರ್ಮಸಿಸ್ಟ್. ಹೃದಯ, ಕಣ್ಣು, ಕಿವಿ, ಚರ್ಮ, ರಕ್ತಹೀನತೆ, ಹಲ್ಲು ಎಲ್ಲಾ ಅವರ ಪಟ್ಟಿಯಲ್ಲಿದೆ. ನಮ್ಮ ಶಾಲೆಯ ಒಬ್ಬ ಹುಡುಗನಿಗೆ ಹೃದಯದ ತೊಂದರೆ ಇದೆ ಅಂತ ಗೊತ್ತಾಗಿದ್ದೇ ಇವರಿಂದ. ಆಪರೇಷನ್ ಆಯಿತು, ಮನೆಯವರಿಗೆ ಒಂದು ಪೈಸೆ ಖರ್ಚಿಲ್ಲ. ಈಗ ಕಬಡ್ಡಿ ಆಡುತ್ತಾನೆ.

ಆ ಹುಡುಗನ ಮನೆಗೆ ಎಷ್ಟು ಫೋನ್ ಬಂದವು ಗೊತ್ತಾ? ತಂಡದವರು ಮಾಡಿದರು, ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಹೋದರು, ನನಗೂ ಫೋನ್ ಬಂತು. ಹೋಗಲೇಬೇಕು ಅಂತ ಎಲ್ಲರೂ ಬೆನ್ನು ಹತ್ತಿದರು. ಹೃದಯ ಅಲ್ವಾ.

ಹಲ್ಲಿನ ವಿಷಯದಲ್ಲಿ ಹದಿನೇಳು ಮಕ್ಕಳಿಗೆ ಆಸ್ಪತ್ರೆಗೆ ತೋರಿಸಿ ಅನ್ನುವ ಚೀಟಿ ಸಿಕ್ಕಿತು. ಅಂಗೈಯಗಲದ ಚೀಟಿ. ಮೇಲೆ ಹೆಸರು, ತರಗತಿ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಪದ. ಕೊನೆಗೆ ಸಹಿ. ಯಾವ ಆಸ್ಪತ್ರೆ, ಯಾವ ದಿನ, ಎಷ್ಟನೇ ರೂಮು, ಯಾರನ್ನು ಕೇಳಬೇಕು, ದುಡ್ಡು ಕೊಡಬೇಕಾ ಬೇಡವಾ, ಒಂದೂ ಇಲ್ಲ. ಮೂರನೇ ತರಗತಿಯ ಒಬ್ಬ ಮಧ್ಯಾಹ್ನದ ಹೊತ್ತಿಗೆ ಅದನ್ನು ದೋಣಿ ಮಾಡಿ ಕೈತೊಳೆಯುವ ನೀರಿನಲ್ಲಿ ಬಿಟ್ಟಿದ್ದ. ಬೈಯಲು ಹೋದೆ, ಸುಮ್ಮನಾದೆ. ಅವನು ಓದಬಲ್ಲ ಅಕ್ಷರ ಆ ಚೀಟಿಯಲ್ಲಿ ಅವನ ಹೆಸರು ಬಿಟ್ಟರೆ ಏನಿತ್ತು?

ಹದಿನೇಳರಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದವರು ಐದು ಮಕ್ಕಳು. ಐವರಲ್ಲಿ ನಾಲ್ವರಿಗೆ "ಇನ್ನೊಂದ್ಸಲ ಬನ್ನಿ" ಅಂದರಂತೆ. ಹೇಳಿದಂತೆ ಎರಡನೇ ಸಲ ಹೋದವಳು ಒಬ್ಬಳೇ.

ಅವಳೊಬ್ಬಳು ಯಾಕೆ ಹೋದಳು ಅಂತ ನನಗೆ ಕುತೂಹಲ ಆಯಿತು. ಮನೆಯವರು ಓದಿದವರಾ? ಇಲ್ಲ. ಅನುಕೂಲಸ್ಥರಾ? ಅದೂ ಇಲ್ಲ, ಅವರಮ್ಮ ಕೂಲಿಗೆ ಹೋಗುವವರು. ಕೇಳಿದಾಗ ಹುಡುಗಿ ಹೇಳಿದ್ದು ಇಷ್ಟು: "ತಾತ ಬಿಪಿ ಮಾತ್ರೆ ತರಕ್ಕೆ ಹೋಗ್ತಾರೆ ಮಿಸ್, ಅವತ್ತು ನಾನೂ ಹೋಗ್ತೀನಿ." ತಾತನಿಗೆ ತಿಂಗಳಿಗೊಂದು ಸಲ ಅದೇ ಆಸ್ಪತ್ರೆಯಲ್ಲಿ ಮಾತ್ರೆ ಕೊಡುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿರುತ್ತಾರೆ. ಮೊಮ್ಮಗಳ ಹಲ್ಲು ಆ ಸುತ್ತಿನೊಳಗೆ ಸೇರಿಕೊಂಡಿತು, ಅಷ್ಟೇ.

ಇದನ್ನು ಕೇಳಿದ ಮೇಲೆ ನಾನು ಉಳಿದ ಮನೆಗಳಿಗೂ ಹೋದೆ. ಒಂದೇ ದಿನ ಅಲ್ಲ, ಸಂಜೆ ಹೊತ್ತು, ಆಗೊಮ್ಮೆ ಈಗೊಮ್ಮೆ. ಯಾಕೆ ಹೋಗಲಿಲ್ಲ ಅಂತ ತಕರಾರು ಮಾಡಲಿಲ್ಲ. ಏನಾಯ್ತು ಅಂತ ಕೇಳಿದೆ. ಕೇಳಿಸಿಕೊಂಡದ್ದನ್ನು ನಿಮಗೆ ಹೇಳುವುದೇ ಈ ಪತ್ರದ ಉದ್ದೇಶ. ಕಚೇರಿಗಳಲ್ಲಿ ಇದಕ್ಕೆ "ಪೋಷಕರಲ್ಲಿ ಅರಿವಿನ ಕೊರತೆ" ಅಂತ ಒಂದೇ ಸಾಲು ಬರೆದು ಮುಗಿಸುತ್ತಾರೆ. ಆ ಸಾಲು ಸುಳ್ಳಲ್ಲ. ಆದರೆ ಅದು ಅರ್ಧ ಕೂಡ ಅಲ್ಲ.

ಎರಡನೇ ತರಗತಿಯ ಒಬ್ಬ ಹುಡುಗನ ಕತೆ ಕೇಳಿ. ಕೆಳಗಿನ ದವಡೆಯ ಹಾಲು ಹಲ್ಲು ಹುಳುಕಾಗಿ ನರದವರೆಗೆ ಹೋಗಿತ್ತು. ರಾತ್ರಿಯೆಲ್ಲ ಅಳು. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು, ಕೊನೆಗೆ ಚೀಟಿ ಹಿಡಿದು ಆಸ್ಪತ್ರೆಗೆ ಹೋದರು. ಅಲ್ಲಿ ಹಲ್ಲು ಕೊರೆದು, ಒಳಗೆ ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಮುಚ್ಚಿ ಕಳಿಸಿದರು. ವಾರ ಬಿಟ್ಟು ಬರಬೇಕು, ಬೇರು ಸ್ವಚ್ಛ ಮಾಡಿ ತುಂಬಬೇಕು, ಆಮೇಲೆ ಕ್ಯಾಪ್ ಹಾಕಬೇಕು. ಅವತ್ತು ರಾತ್ರಿ ಹುಡುಗ ನಿದ್ದೆ ಮಾಡಿದ. ಮಾರನೇ ದಿನ ಮುದ್ದೆ ಉಂಡ. ವಾರ ಕಳೆಯಿತು. ಅವರಮ್ಮ ನನ್ನ ಹತ್ತಿರ ಹೇಳಿದ ಮಾತು: "ನೋವೇ ಇಲ್ವಲ್ಲ ಮೇಡಮ್, ವಾಸಿ ಆಯ್ತು ಅಂದ್ಕೊಂಡ್ವಿ."

ತಪ್ಪು ಅವರದಾ? ಜ್ವರ ಬಂದರೆ ಮಾತ್ರೆ, ಜ್ವರ ಬಿಟ್ಟರೆ ಮುಗಿಯಿತು. ಆಸ್ಪತ್ರೆ ಅಂದರೆ ನಮಗೆಲ್ಲ ಗೊತ್ತಿರುವುದು ಇಷ್ಟೇ. ಹಲ್ಲಿನ ಲೆಕ್ಕ ತಿರುಗುಮುರುಗು. ಮೊದಲ ದಿನವೇ ನೋವು ಹೋಗುತ್ತದೆ, ಕೆಲಸ ಇನ್ನೂ ಮುಕ್ಕಾಲು ಪಾಲು ಬಾಕಿ ಇರುತ್ತದೆ. ಇದನ್ನು ಆ ತಾಯಿಗೆ ಬಿಡಿಸಿ ಹೇಳುವಷ್ಟು ಪುರುಸೊತ್ತು ಅವತ್ತು ಅಲ್ಲಿ ಯಾರಿಗೂ ಇರಲಿಲ್ಲ. ಎರಡು ತಿಂಗಳಿಗೆ ಸಿಮೆಂಟ್ ಉದುರಿತು. ಕೆನ್ನೆ ಊದಿ ಒಂದು ಕಣ್ಣು ಸಣ್ಣಗಾಯಿತು. ಆಮೇಲೆ ಉಳಿದದ್ದು ಕೀಳುವುದೊಂದೇ ದಾರಿ. ಕಿತ್ತರು.

"ಹಾಲು ಹಲ್ಲು ತಾನೇ, ಹೇಗಿದ್ರೂ ಬೀಳ್ತಿತ್ತು" ಅಂದರು ಅವರಜ್ಜಿ. ನಾನೂ ಚಿಕ್ಕವಳಿದ್ದಾಗ ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆದವಳೇ. ಹಾಲು ಹಲ್ಲು ಬೀಳುವುದು ನಮಗೆ ಹಬ್ಬದ ಹಾಗೆ. ಆದರೆ ಎಲ್ಲಾ ಹಾಲು ಹಲ್ಲೂ ಆರೇಳು ವರ್ಷಕ್ಕೆ ಬೀಳುವುದಿಲ್ಲ. ಮುಂದಿನವು ಬೀಳುತ್ತವೆ. ದವಡೆಯವು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕು, ಅವು ಅಡಿಯಲ್ಲಿರುವ ಹೊಸ ಹಲ್ಲಿಗೆ ಜಾಗ ಕಾಯುತ್ತಿರುತ್ತವೆ. ಏಳು ವರ್ಷಕ್ಕೇ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಜಾಗ ಹಿಡಿಯುತ್ತದೆ. ಬಸ್ಸಿನಲ್ಲಿ ಟವೆಲ್ ತೆಗೆದರೆ ಸೀಟು ಹೋಗುವ ಹಾಗೆ. ಜಾಗ ಉಳಿಸಲು ಒಂದು ತಂತಿ ಕಟ್ಟುತ್ತಾರೆ. ಅದನ್ನೂ ಆಗಾಗ ನೋಡಿಸಬೇಕು, ಹೊಸ ಹಲ್ಲು ಬಂದಾಗ ತೆಗೆಸಬೇಕು. ಅಂದರೆ ಮತ್ತೆ ಹೋಗಬೇಕು, ಮತ್ತೆ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಆರು ವರ್ಷದ ಸುಮಾರಿಗೆ ಹಾಲು ಹಲ್ಲುಗಳ ಹಿಂದೆ, ಬಾಯಿಯ ನಾಲ್ಕು ಮೂಲೆಯಲ್ಲೂ ಒಂದೊಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಸದ್ದಿಲ್ಲದೆ ಬಂದು ಕೂರುತ್ತದೆ. ಮನೆಯವರು ಅದನ್ನೂ ಹಾಲು ಹಲ್ಲು ಅಂದುಕೊಳ್ಳುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಮೇಲೆ ಆಳದ ಗೆರೆಗಳಿರುತ್ತವೆ, ಅಲ್ಲೇ ಹುಳುಕು ಹಿಡಿಯೋದು. ಸಕಾಲಕ್ಕೆ ನೋಡಿಸಿದರೆ ಆ ಗೆರೆ ಮುಚ್ಚಿಬಿಡಬಹುದು, ಕೊರೆಯುವುದೂ ಬೇಕಿಲ್ಲ. ಒಂದನೇ ತರಗತಿ, ಎರಡನೇ ತರಗತಿ ಅಂದರೆ ಸರಿಯಾಗಿ ಆ ವಯಸ್ಸು. ನಿಮ್ಮ ಕೈಗೆ ಮಕ್ಕಳು ಸಿಗುವ ಹೊತ್ತು ಅದು. ನನಗೂ ಇದು ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ, ನನ್ನ ಮಗನಿಗೆ ಆ ಹಲ್ಲು ಹಾಳಾದ ಮೇಲೆ. ಟೀಚರ ಮನೆಯ ಕತೆಯೇ ಹೀಗಿದ್ದರೆ ಉಳಿದವರನ್ನು ಏನು ಅನ್ನೋಣ.

ಇನ್ನು ದಿನದ ಲೆಕ್ಕ. ನಮ್ಮೂರಿನ ಅರ್ಧ ತಾಯಂದಿರು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ವ್ಯಾನ್ ಬರುತ್ತದೆ, ಸಂಜೆ ಏಳಕ್ಕೆ ಬಿಡುತ್ತದೆ. ಒಂದು ದಿನ ತಪ್ಪಿಸಿದರೆ ಆ ದಿನದ ಸಂಬಳ ಮಾತ್ರ ಅಲ್ಲ, ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದಂತೆ. ರಜಾ ಇರುವುದು ಭಾನುವಾರ. ಭಾನುವಾರ ಹಲ್ಲಿನ ಡಾಕ್ಟರ ಕೋಣೆಗೆ ಬೀಗ. ಹಾಗಾದರೆ ಯಾವತ್ತು ಹೋಗೋದು? ಮೊದಲನೇ ಸಲ ಮಗು ಅಳುತ್ತಿತ್ತು, ರಜಾ ಹಾಕಿದರು. ಎರಡನೇ ಸಲ ಮಗು ಆಡುತ್ತಿದೆ. ನಗುವ ಮಗುವಿಗಾಗಿ ಸೂಪರ್‌ವೈಸರ್ ಹತ್ತಿರ ರಜಾ ಕೇಳುವುದು ಹೇಗೆ?

ಬಸ್ ಚಾರ್ಜಿನ ವಿಷಯಕ್ಕೆ ಬಂದರೆ, ಶಕ್ತಿ ಯೋಜನೆ ನಿಜವಾಗಿ ಉಪಕಾರ ಮಾಡಿದೆ. 2023ರ ಜೂನ್‌ನಿಂದ ತಾಯಿಗೂ ಮಗಳಿಗೂ ಟಿಕೆಟ್ ಇಲ್ಲ. ಮಗನಿಗೆ ಆರು ದಾಟಿದ್ದರೆ ಅರ್ಧ ಟಿಕೆಟ್. ಹಾಗಾಗಿ ನಮ್ಮೂರಲ್ಲಿ ಯಾರೂ "ಬಸ್ಸಿಗೆ ದುಡ್ಡಿಲ್ಲ" ಅನ್ನಲಿಲ್ಲ. ದಿನ ಇಲ್ಲ ಅಂದರು. ಚಿಕಿತ್ಸೆ ಉಚಿತ, ಬಸ್ಸು ಉಚಿತ, ಆದರೂ ಯಾಕೆ ಬರಲ್ಲ ಅಂತ ನೀವು ತಲೆ ಕೆರೆದುಕೊಳ್ಳುತ್ತಿದ್ದರೆ, ಉತ್ತರ ಅಲ್ಲಿದೆ.

ದಿನ ಮಾಡಿಕೊಂಡು ಹೋದವರಿಗೆ ಏನು ಸಿಗುತ್ತದೆ ಅನ್ನೋದೂ ಮುಖ್ಯ. ಒಬ್ಬ ತಾಯಿ ಎರಡನೇ ಸಲ ಹೋಗದೇ ಇದ್ದದ್ದು ಮೊದಲನೇ ಸಲ ಬೈಸಿಕೊಂಡಿದ್ದಕ್ಕೆ. "ಏನಮ್ಮಾ, ಇಷ್ಟು ದಿನ ಏನ್ ಮಾಡ್ತಿದ್ದೆ? ಹಲ್ಲು ಉಜ್ಜೋದು ಕಲಿಸಿಲ್ವಾ?" ಅಂತ ಎಲ್ಲರೆದುರು ಕೇಳಿದರಂತೆ. ಆಕೆ ಬಿಪಿಎಲ್ ಕಾರ್ಡು, ಆಧಾರ್ ಎಲ್ಲ ಜೋಡಿಸಿಕೊಂಡು, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದರು. "ನಾನೇ ಹಲ್ಲು ಕೆಡಿಸಿದ ಹಾಗೆ ಮಾತಾಡಿದ್ರು ಮೇಡಮ್." ಡಾಕ್ಟರ ಕಷ್ಟವೂ ನನಗೆ ಗೊತ್ತು. ಇಡೀ ತಾಲ್ಲೂಕಿಗೆ ಒಬ್ಬರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಲ್ಲಿನ ಡಾಕ್ಟರು ಇರುವುದಿಲ್ಲ, ಎಲ್ಲಾ ಅವರ ತಲೆಗೇ. ಆದರೂ ಆ ಒಂದು ಮಾತು ಆಡದೇ ಇದ್ದಿದ್ದರೆ ಆ ಮಗು ಮತ್ತೆ ಬರುತ್ತಿತ್ತು.

ಇನ್ನೊಂದು ಮನೆಯಲ್ಲಿ ಬೇರೆಯೇ ಗೊಂದಲ. ಡೆಂಟಲ್ ಕಾಲೇಜಿನ ಹುಡುಗ ಹುಡುಗಿಯರು ಶಿಬಿರಕ್ಕೆ ಬಂದಾಗ ಮಗುವಿನ ಹುಳುಕಿಗೆ ಬೆಳ್ಳಿ ಸೇರಿದ ಒಂದು ದ್ರವ ಹಚ್ಚಿದ್ದರು. ಕೊರೆಯದೆ, ಸೂಜಿ ಚುಚ್ಚದೆ ಹುಳುಕು ನಿಲ್ಲಿಸುವ ಔಷಧಿ ಅದು. ಮಕ್ಕಳಿಗೆ ಬಹಳ ಒಳ್ಳೆಯದು. ಆದರೆ ಹಚ್ಚಿದ ಜಾಗ ಕರ್ರಗಾಗುತ್ತದೆ. ಕಪ್ಪಾದರೆ ಔಷಧಿ ಕೆಲಸ ಮಾಡಿದೆ ಅಂತ ಅರ್ಥ. ಆರು ತಿಂಗಳಿಗೆ ಮತ್ತೆ ಹಚ್ಚಬೇಕು. ಮನೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. "ಇದ್ದ ಹಲ್ಲೂ ಸುಟ್ಟುಬಿಟ್ರು" ಅಂತ ಅಪ್ಪ ರೇಗಿದ. ಮುಂದಿನ ಶಿಬಿರದ ದಿನ ಮಗಳನ್ನು ಶಾಲೆಗೇ ಕಳಿಸಲಿಲ್ಲ.

ನಮ್ಮ ಸೀಮೆಯಲ್ಲಿ ಬೋರ್‌ವೆಲ್ ನೀರಿನ ಕಾಟ ಬೇರೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಟೀಚರುಗಳಿಗೆ ನಾನು ಹೇಳುವುದು ತಕ್ಷಣ ಅರ್ಥ ಆಗುತ್ತದೆ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ಕಡೆ ಮಕ್ಕಳ ಹಲ್ಲಿಗೆ ಹಳದಿ, ಕಂದು ಪಟ್ಟೆ ಬೀಳುತ್ತದೆ. ಇಡೀ ಊರಿಗೇ ಹಾಗಿರುವಾಗ ಮಗುವಿನ ಹಲ್ಲಿನ ಕಲೆ ನೋಡಿ ಯಾರೂ ಗಾಬರಿ ಆಗುವುದಿಲ್ಲ. "ಇದು ನೀರಿಂದು" ಅಂತ ಬಿಡುತ್ತಾರೆ. ಆ ಕಲೆಗಳ ನಡುವೆ ಹುಳುಕೂ ಅಡಗಿರುತ್ತದೆ. ಯಾವುದು ನೀರಿನ ಕಲೆ, ಯಾವುದು ಹುಳುಕು ಅಂತ ತಿಳಿದವರು ತೋರಿಸಿಕೊಡಬೇಕು.

ಈಗ ಲಸಿಕೆಯ ಮಾತು. ಇದೇ ತಾಯಂದಿರು, ಇದೇ ಅಜ್ಜಿಯರು ಲಸಿಕೆಯನ್ನು ತಪ್ಪಿಸುವುದಿಲ್ಲ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಚುಚ್ಚಿಸಿಕೊಂಡು ಜ್ವರ ಬರುತ್ತದೆ ಅಂತ ಗೊತ್ತಿದ್ದೂ ಹೋಗುತ್ತಾರೆ. ಮಗುವಿಗೆ ಆ ಹೊತ್ತಿಗೆ ಯಾವ ನೋವೂ ಇರುವುದಿಲ್ಲ. ಅಂದರೆ ನೋವಿಲ್ಲದಿದ್ದರೆ ಬರುವುದಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ತಾಯಿ ಕಾರ್ಡಿನಲ್ಲಿ ತಾರೀಕು ಬರೆದಿರುತ್ತದೆ. ನಮ್ಮ ಕಡೆ ಗುರುವಾರ ಅಂದರೆ ಲಸಿಕೆ ದಿನ ಅಂತ ಎಮ್ಮೆ ಕಾಯುವವರಿಗೂ ಗೊತ್ತು. ಹಿಂದಿನ ದಿನ ಆಶಾ ಬಂದು ಬಾಗಿಲು ತಟ್ಟುತ್ತಾರೆ. ಹೋಗದಿದ್ದರೆ ಮತ್ತೆ ತಟ್ಟುತ್ತಾರೆ. ಹಲ್ಲಿಗೆ ಕಾರ್ಡಿಲ್ಲ, ವಾರವಿಲ್ಲ, ಬಾಗಿಲು ತಟ್ಟುವವರಿಲ್ಲ.

ಹಲ್ಲಿನ ಹುಳುಕು ಅಪರೂಪದ ಕಾಯಿಲೆಯೂ ಅಲ್ಲ. 2002-03ರಲ್ಲಿ ಭಾರತೀಯ ದಂತ ವೈದ್ಯಕೀಯ ಪರಿಷತ್ತು ದೇಶಾದ್ಯಂತ ಸಮೀಕ್ಷೆ ಮಾಡಿದಾಗ ಐದು ವರ್ಷದ ಮಕ್ಕಳಲ್ಲಿ ಶೇಕಡಾ 51.9ರಷ್ಟು, ಹನ್ನೆರಡು ವರ್ಷದವರಲ್ಲಿ ಶೇಕಡಾ 53.8ರಷ್ಟು ಮಂದಿಗೆ ಹುಳುಕು ಹಲ್ಲಿತ್ತು. ಅಂದರೆ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ. ಸಮೀಕ್ಷೆ ಹಳೆಯದು ನಿಜ. ಆದರೆ ಆಗ ಐದು ರೂಪಾಯಿಯ ಪ್ಯಾಕೆಟ್ಟುಗಳು ನಮ್ಮೂರಿನ ಪೆಟ್ಟಿಗೆ ಅಂಗಡಿಯಲ್ಲಿ ಈಗಿನ ಹಾಗೆ ತೋರಣ ಕಟ್ಟಿರಲಿಲ್ಲ.

ನಮ್ಮ ರಾಜ್ಯದಲ್ಲಿ 40ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ದಾವಣಗೆರೆಯೊಂದರಲ್ಲೇ ಎರಡು. ಹಲ್ಲು ಹೋದ ಬಡ ಹಿರಿಯರಿಗೆ ಸೆಟ್ ಕಟ್ಟಿಸಿಕೊಡಲು ದಂತ ಭಾಗ್ಯ ಅಂತ ಯೋಜನೆಯನ್ನೇ ತಂದವರು ನಾವು. ಹಲ್ಲು ಉಳಿಸಿಕೊಳ್ಳಬೇಕಾದ ವಯಸ್ಸಿನವರಿಗೆ ಸಿಗುವುದು ಶಿಬಿರ. ಬ್ಯಾನರ್, ಫೋಟೋ, ಒಂದು ಬ್ರಷ್ಷು, ಒಂದು ಪೇಸ್ಟು. ನೀರಿನಲ್ಲಿ ಅತಿಯಾದರೆ ಕಲೆ ಬೀಳಿಸುವ ಫ್ಲೋರೈಡೇ ಹಲ್ಲಿನ ಮೇಲೆ ಸ್ವಲ್ಪ ಬಳಿದರೆ ಹುಳುಕು ತಡೆಯುತ್ತದೆ; ಶಿಬಿರದಲ್ಲಿ ಹಚ್ಚುವ ಆ ಲೇಪವನ್ನು, ಫ್ಲೋರೈಡ್ ವಾರ್ನಿಷ್ ಅಂತಾರೆ, ಮೂರರಿಂದ ಆರು ತಿಂಗಳಿಗೊಮ್ಮೆ ಹಚ್ಚಿದರೆ ಪ್ರಯೋಜನ. ಶಿಬಿರದವರು ಹೋದ ಸಲ ಬಂದ ಶಾಲೆಗೆ ಈ ಸಲ ಬರುವುದಿಲ್ಲ, ಹೊಸ ಶಾಲೆ ಹುಡುಕುತ್ತಾರೆ. ಇಪ್ಪತ್ತು ಶಾಲೆಗೆ ಒಂದೊಂದು ಸಲ ಹೋಗುವ ಬದಲು ಹತ್ತು ಶಾಲೆಗೆ ಎರಡೆರಡು ಸಲ ಹೋಗಿ ಅಂತ ಯಾರಾದರೂ ಅವರಿಗೆ ಹೇಳಬಾರದೇ?

ನಾನು ಕೇಳುವುದು ದೊಡ್ಡ ಯೋಜನೆ ಅಲ್ಲ. ಚೀಟಿಯ ಮೇಲೆ ಕನ್ನಡದಲ್ಲಿ ತಾರೀಕು, ವಾರ, ರೂಮ್ ನಂಬರ್, "ದುಡ್ಡು ಕೊಡಬೇಕಿಲ್ಲ" ಅನ್ನುವ ಒಂದು ಸಾಲು ಬರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ಹಲ್ಲಿಗೇ ಅಂತ ಒಂದು ಹೊತ್ತು ಇರಲಿ. ಶನಿವಾರ ನಮಗೆ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತೇವೆ, ಆ ಮಧ್ಯಾಹ್ನ ಆಗಬಹುದು. ಗಾರ್ಮೆಂಟ್ಸ್ ತಾಯಂದಿರಿಗಾಗಿ ತಿಂಗಳಿಗೆ ಒಂದು ಭಾನುವಾರ ಬಾಗಿಲು ತೆರೆಯಿರಿ, ಡಾಕ್ಟರಿಗೆ ಬದಲಿ ರಜಾ ಕೊಡಿ. ತಾತ ಅಜ್ಜಿಯರ ಬಿಪಿ, ಶುಗರ್ ಮಾತ್ರೆಯ ದಿನಕ್ಕೂ ಮೊಮ್ಮಕ್ಕಳ ಹಲ್ಲಿನ ದಿನಕ್ಕೂ ಗಂಟು ಹಾಕಲು ಆಗುತ್ತದಾ ನೋಡಿ. ಹಿಂದಿನ ದಿನ ಒಂದು ಫೋನ್ ಹೋಗಲಿ. ಫೋನ್ ಮಾಡಿ, ಮೆಸೇಜ್ ಕಳಿಸಿ ನೆನಪು ಮಾಡಿದರೆ ಬರುವವರು ಜಾಸ್ತಿ ಆಗುತ್ತಾರೆ ಅನ್ನುವುದು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡಿ ಕಂಡುಕೊಂಡ ವಿಷಯ. ಗ್ಯಾಸ್ ಸಿಲಿಂಡರಿಗೆ ಮೆಸೇಜ್ ಬರುತ್ತದೆ, ಮಗುವಿನ ಹಲ್ಲಿಗೆ ಯಾಕೆ ಬರಬಾರದು?

ಆಮೇಲೆ ಲೆಕ್ಕ ಕೇಳುವ ರೀತಿ. ವರ್ಷಾ ವರ್ಷಾ ನಮ್ಮನ್ನು ಕೇಳುವ ಪ್ರಶ್ನೆ, "ಎಷ್ಟು ಮಕ್ಕಳ ತಪಾಸಣೆ ಆಯ್ತು?" ನಾನು ನೂರಕ್ಕೆ ನೂರು ಅಂತ ಬರೆದು ಕಳಿಸುತ್ತೇನೆ, ಅದು ಸುಳ್ಳೂ ಅಲ್ಲ. "ಎರಡನೇ ಸಲ ಹೋದವರು ಎಷ್ಟು?" ಅಂತ ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನಾನೂ ವಿಚಾರಿಸುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು, ಕೇಳಿದ್ದನ್ನು ಮಾಡುತ್ತೇನೆ.

ಹೌದು, ನಮ್ಮ ಕಡೆಯೂ ತಪ್ಪಿದೆ. ಗಲಾಟೆ ಮಾಡುವ ಮಕ್ಕಳಿಗೆ "ಸುಮ್ನೆ ಕೂತ್ಕೊ, ಇಲ್ಲಾಂದ್ರೆ ಡಾಕ್ಟ್ರ ಹತ್ರ ಹಲ್ಲು ಕೀಳಿಸ್ತೀನಿ" ಅಂತ ಹೆದರಿಸಿದವಳು ನಾನೇ. ಕ್ಷೀರ ಭಾಗ್ಯದ ಹಾಲಿಗೆ ಸಕ್ಕರೆ ಹಾಕಿ ಕುಡಿಸುತ್ತೇವೆ, ಕುಡಿದ ಮೇಲೆ ಒಂದು ಗುಟುಕು ನೀರಿನಲ್ಲಿ ಬಾಯಿ ಮುಕ್ಕಳಿಸಲು ಇಷ್ಟು ವರ್ಷ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಮೊದಲ ವಾರ ಮುಕ್ಕಳಿಸಿದ್ದಕ್ಕಿಂತ ಒಬ್ಬರ ಮೇಲೊಬ್ಬರು ಉಗುಳಿದ್ದೇ ಜಾಸ್ತಿ.

ಈ ವರ್ಷದ ತಪಾಸಣೆ ನಮ್ಮ ಶಾಲೆಯಲ್ಲಿ ಇನ್ನೂ ಆಗಿಲ್ಲ. ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಗೆರೆ ಎಳೆದಿಟ್ಟಿದ್ದೇನೆ. ಮಗುವಿನ ಹೆಸರು, ಮನೆಯಲ್ಲಿ ಫೋನ್ ಇಟ್ಟುಕೊಂಡವರ ನಂಬರು, ಮೊದಲ ಸಲ ಹೋದ ದಿನ, ಎರಡನೇ ಸಲ ಹೋಗಬೇಕಾದ ದಿನ, ಹೋದ ದಿನ. ಐದು ಕಾಲಂ. ಎರಡು ನಾನು ತುಂಬಿಸುತ್ತೇನೆ, ಎರಡು ಮಕ್ಕಳ ಮನೆಯವರು ತುಂಬಿಸುತ್ತಾರೆ. ನಾಲ್ಕನೆಯದು ನಿಮ್ಮದು. ತಂಡ ಬರುವ ದಿನ ಆ ತಾರೀಕನ್ನೂ ಕೇಳಿ ತರಲು ಹೇಳಿ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸರಕಾರಿ ಶಾಲೆಯ ಟೀಚರು